ಮಂಜು ನಿಷೇಧಿಸಿದ ತರಗತಿ

ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ನಾನು ಎರಡು ವರ್ಷದಿಂದ ಶನಿವಾರ ಮಧ್ಯಾಹ್ನ ಕತೆ ಬರೆಯುವ ಆಸೆಯಿರುವವರನ್ನು ಕೂರಿಸಿಕೊಳ್ಳುತ್ತಿದ್ದೇನೆ. ಹನ್ನೆರಡು ಜನ. ಮೊದಲ ವಾರ ಬಂದ ಹನ್ನೆರಡು ಕತೆಗಳಲ್ಲಿ ಒಂಬತ್ತು ಮಂಜಿನಿಂದ ಶುರುವಾಗಿದ್ದವು. ಮುಳ್ಳಯ್ಯನಗಿರಿಯನ್ನು ನೋಡುತ್ತಲೇ ಬೆಳೆದವರಿಗೆ ಮಂಜು ಸಹಜವೇ. ಆದರೆ ಒಂಬತ್ತರಲ್ಲೂ ಅದು ಹಾಲಿನಂತೆಯೇ ಹರಡಬೇಕೆ? ಅಂದೇ ಮಂಜನ್ನು ನಿಷೇಧಿಸಿದೆ. ಮುಂದಿನ ವಾರ ಎಲ್ಲರೂ ಮಳೆ ತಂದರು.

ಒಬ್ಬರ ಕತೆಯನ್ನು ಇನ್ನೊಬ್ಬರು ಓದಿ ಅಭಿಪ್ರಾಯ ಹೇಳಿ ಎಂದರೆ ‘ತುಂಬಾ ಚೆನ್ನಾಗಿದೆ’, ‘ಮನಮುಟ್ಟುವಂತಿದೆ’ ಎಂಬ ಎರಡೇ ಮಾತು. ಮೂರನೆಯ ವಾರ ಒಬ್ಬ ಹುಡುಗ ಧೈರ್ಯ ಮಾಡಿ ‘ಇದು ಧಾರಾವಾಹಿಯಂತಿದೆ’ ಎಂದ. ಬರೆದವನು ಹತ್ತು ನಿಮಿಷ ಸಮಜಾಯಿಷಿ ಕೊಟ್ಟು, ಆಮೇಲೆ ಎರಡು ವಾರ ತಲೆಯನ್ನೇ ಹಾಕಲಿಲ್ಲ. ತಪ್ಪು ನನ್ನದು. ತೀರ್ಪು ಕೇಳಿದ್ದೆ, ತೀರ್ಪು ಬಂತು.

ಅಮೆರಿಕದ ಐಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ಬರಹಗಾರರ ಕಾರ್ಯಾಗಾರದಿಂದ ಹೆಸರಾದ ಪದ್ಧತಿಯೊಂದಿದೆ: ಚರ್ಚೆ ನಡೆಯುವಾಗ ಬರೆದವರು ಬಾಯಿ ಬಿಡುವಂತಿಲ್ಲ. ಅದನ್ನು ತಂದೆ. ಅದಕ್ಕೆ ನನ್ನದೊಂದು ಸೇರಿಸಿದೆ. ಕತೆಯನ್ನು ಜೋರಾಗಿ ಓದಿದ ಮೇಲೆ ಮೂವರು ಅದನ್ನು ನೆನಪಿನಿಂದ ಮರಳಿ ಹೇಳಬೇಕು. ಚೆನ್ನಾಗಿದೆಯೋ ಇಲ್ಲವೋ ಎಂಬ ಮಾತು ಬೇಡ. ಮೂವರೂ ಮರೆತದ್ದನ್ನು ಬರೆದವರು ಮನೆಗೆ ಹೋಗಿ ಅನುಮಾನದಿಂದ ನೋಡಬೇಕು.

ನಮ್ಮ ಕಡೆಯ ಕಾಫಿ ತೋಟಗಳಲ್ಲಿ ‘ರೈಟರ್’ ಎಂದರೆ ಕತೆಗಾರರಲ್ಲ, ಆಳುಗಳ ಹಾಜರಿ ಮತ್ತು ಹಣ್ಣಿನ ತೂಕ ಬರೆಯುವವರು. ಅಂಥ ರೈಟರೊಬ್ಬರ ಮಗಳು ನಾಲ್ಕು ಪುಟದ ಕತೆ ತಂದಿದ್ದಳು. ಅದರಲ್ಲಿ ಕೊಯ್ಲಿನ ಕಾಲ, ಪ್ರವಾಸಿಗರ ಜೀಪು, ಅಜ್ಜಿಯ ನೆನಪು, ಕದ್ದುಮುಚ್ಚಿ ಒಂದಿಷ್ಟು ಮಂಜು, ಎಲ್ಲ ಇತ್ತು. ಮರಳಿ ಹೇಳಿದ ಮೂವರಿಗೂ ನೆನಪಿದ್ದದ್ದು ಒಂದೇ. ಸಂಜೆ ತೂಕದ ಹೊತ್ತು, ಏಳು ವರ್ಷದ ಹುಡುಗಿ ಟವೆಲಿನಲ್ಲಿ ಕಟ್ಟಿ ತಂದ ಹಣ್ಣನ್ನು ಅಮ್ಮನ ಚೀಲಕ್ಕೆ ಸುರಿದು, ‘ರೈಟರೇ, ನನ್ನದನ್ನು ಎಲ್ಲಿ ಬರೆದಿರಿ?’ ಎಂದು ಕೇಳುತ್ತಾಳೆ. ಜೀಪು ಒಬ್ಬರಿಗೂ ನೆನಪಿರಲಿಲ್ಲ.

ಕಿರುಗತೆಗೆ ಇಳಿದದ್ದು ಅಲ್ಲಿಂದ. ನೂರು ಪದದ ಮಿತಿ ಹಾಕಿದೆ. ಕನ್ನಡದಲ್ಲಿ ಪದ ಎಣಿಸುವುದು ಮೋಸದ ವ್ಯವಹಾರ ಎಂದು ಒಂದೇ ವಾರದಲ್ಲಿ ಗೊತ್ತಾಯಿತು. ನಾನೇ ಕಲಿಸಿದ ಸಂಧಿ ಸಮಾಸಗಳನ್ನು ಬಳಸಿ ಪದಗಳನ್ನು ಒಂದಕ್ಕೊಂದು ಅಂಟಿಸಿ ತಂದರು. ಹಾಗಾಗಿ ಎಣಿಕೆ ಬಿಟ್ಟು, ನೋಟ್‌ಬುಕ್ಕಿನ ಹಾಳೆಯ ಒಂದು ಬದಿ ಎಂದು ನಿಗದಿ ಮಾಡಿದೆ.

ಇನ್ನೊಂದು ರೋಗ ಹನಿಗವನದ್ದು. ಡುಂಡಿರಾಜರನ್ನು ಓದಿ ನಕ್ಕವರಿಗೆ ಕೊನೆಯ ಸಾಲಿನಲ್ಲಿ ಪಟಾಕಿ ಹೊಡೆಯಲೇಬೇಕು ಎನಿಸುತ್ತದೆ. ಶ್ಲೇಷೆಯ ಚಮತ್ಕಾರ ಹನಿಗವನಕ್ಕೆ ಒಪ್ಪುತ್ತದೆ. ಕತೆಯಲ್ಲಿ ‘ಅದೆಲ್ಲ ಕನಸಾಗಿತ್ತು’ ಎಂದರೆ ಓದಿದವರಿಗೆ ಟೋಪಿ ಹಾಕಿದಂತೆ. ಇದ್ದಕ್ಕಿದ್ದಂತೆ ತಿರುಗಿಸುವ ಬದಲು ಒಂದು ಪ್ರತ್ಯಯ ಬದಲಿಸಿ ನೋಡಿ ಎಂದೆ. ಹಲಗೆಯ ಮೇಲೆ ‘ಅವಳು ಊರು ಬಿಟ್ಟಳು’ ಎಂದು ಬರೆದು, ಪಕ್ಕದಲ್ಲಿ ‘ಅವಳು ಊರು ಬಿಟ್ಟಳಂತೆ’ ಎಂದು ಬರೆದೆ. ಎರಡನೆಯದರಲ್ಲಿ ಹೇಳುವವರು ಹುಟ್ಟಿಕೊಂಡರು, ಅವರ ಕಿವಿಗೆ ಹಾಕಿದವರೂ ಹುಟ್ಟಿಕೊಂಡರು. ಒಂದು ‘ಅಂತೆ’ಗೆ ಇಡೀ ಬೀದಿಯೇ ಬಂದು ನಿಂತಿತು. ಆ ತರಗತಿಯೊಂದು ನನಗೇ ಹೆಚ್ಚು ಖುಷಿ ಕೊಟ್ಟಿತು.

ರೈಟರ ಮಗಳ ಕತೆ ನಾಲ್ಕನೆಯ ಸಲ ಒಂದು ಬದಿಗೆ ಇಳಿಯಿತು. ಈಗ ಅದು ‘ತೂಕ ಮುಗಿಯಿತು’ ಎಂದು ಶುರುವಾಗುತ್ತದೆ. ಮೊದಲು ‘ಬಡತನ ಎಷ್ಟು ಕ್ರೂರ ಎಂಬ ಅರಿವಾಯಿತು’ ಎಂದು ಮುಗಿಯುತ್ತಿತ್ತು. ಅದನ್ನು ಹೊಡೆದು ಹಾಕಲು ಅವಳಿಗೆ ಮನಸ್ಸಿರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಮುಂದಿನ ಶನಿವಾರ ತಾನೇ ಅದನ್ನು ತೆಗೆದು ಬೇರೆ ಸಾಲು ತಂದಳು: ‘ಅಪ್ಪ ಪೆನ್ನಿನ ಮುಚ್ಚಳ ಹಾಕಿದರು.’

ಕೊನೆಗೆ ನನ್ನ ಕತೆಯನ್ನೂ ಇಡಬೇಕು ಎಂದು ಹಟ ಹಿಡಿದರು. ಓದಿದೆ. ಮೂವರೂ ಮರಳಿ ಹೇಳಿದರು. ಮೂರು ರಾತ್ರಿ ನಿದ್ದೆಗೆಟ್ಟು ತಿದ್ದಿದ ಕೊನೆಯ ಪ್ಯಾರಾ ಮೂವರ ಬಾಯಲ್ಲೂ ಬರಲಿಲ್ಲ. ಅದು ಹಾಗಲ್ಲ, ಅಲ್ಲಿ ನಾನು ಹೇಳಹೊರಟದ್ದು ಎಂದು ಬಾಯಿ ತೆರೆದೆ.

‘ಮೇಡಂ, ಬರೆದವರು ಮಾತಾಡುವಂತಿಲ್ಲ’ ಎಂದಳು ರೈಟರ ಮಗಳು.