ಅಗೆಯುವ ಮುನ್ನ: ನೆಲದಡಿಯ ಕೊಳವೆ, ಕೇಬಲ್‌ಗಳನ್ನು ನಾನು ಗುರುತಿಸುವ ಬಗೆ

ರಸ್ತೆ ಅಗೆಯುವ ಮೊದಲು ನೆಲದಡಿ ಏನಿದೆ, ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಗುರುತಿಸಿ ನಕ್ಷೆ ಮಾಡಿಕೊಡುವುದು ನನ್ನ ವೃತ್ತಿ. ಹೆಚ್ಚಿನ ಕೆಲಸ ಬೆಂಗಳೂರಿನದು. ಹೆಸರಘಟ್ಟದ ನೀರು 1896ರಲ್ಲಿ ಕೊಳವೆಯ ಮೂಲಕ ಈ ಊರಿಗೆ ಬಂದಂದಿನಿಂದ, 1974ರ ಕಾವೇರಿ ಮೊದಲ ಹಂತವನ್ನು ದಾಟಿ, ಇತ್ತೀಚಿನ ಓಎಫ್‌ಸಿ (ಆಪ್ಟಿಕಲ್ ಫೈಬರ್ ಕೇಬಲ್) ಮತ್ತು ಮನೆಮನೆಯ ಗ್ಯಾಸ್ ಕೊಳವೆಗಳವರೆಗೆ, ಒಬ್ಬರು ಹೂಳಿದ್ದರ ಪಕ್ಕದಲ್ಲೋ ಮೇಲೋ ಇನ್ನೊಬ್ಬರು ಹೂಳುತ್ತ ಬಂದಿದ್ದಾರೆ. ಹೊಸದನ್ನು ಹಾಕಿದವರು ಹಳೆಯದನ್ನು ತೆಗೆಯುವುದು ಅಪರೂಪ. ಹಾಗಾಗಿ ಸತ್ತ ಕೊಳವೆ ಯಾವುದು, ನೀರು ಹರಿಯುವುದು ಯಾವುದು ಎಂಬುದೇ ಎಷ್ಟೋ ಕಡೆ ಮೊದಲ ಪ್ರಶ್ನೆ.

ಕೆಲಸ ಶುರುವಾಗುವುದು ಕಾಗದದಿಂದ. ನೀರು, ಒಳಚರಂಡಿ, ವಿದ್ಯುತ್, ದೂರಸಂಪರ್ಕ, ಅನಿಲ ಎಂದು ಪ್ರತಿಯೊಬ್ಬರ ನಕ್ಷೆಯನ್ನೂ ಕೇಳಿ ಪಡೆದು ಒಂದೇ ಹಾಳೆಯ ಮೇಲೆ ಹೊಂದಿಸುತ್ತೇನೆ. ಹಳೆಯ ನಕ್ಷೆಗಳಲ್ಲಿ ಅಳತೆ ಇರುತ್ತದೆ. ಆದರೆ ಆ ಅಳತೆ ಯಾವುದೋ ಕಾಂಪೌಂಡ್ ಗೋಡೆಯಿಂದಲೋ ಪಾದಚಾರಿ ಮಾರ್ಗದ ಅಂಚಿನಿಂದಲೋ ಹಿಡಿದದ್ದು. ರಸ್ತೆ ಅಗಲವಾದಾಗ ಆ ಗೋಡೆಯೂ ಅಂಚೂ ಸರಿದುಹೋಗಿರುತ್ತವೆ, ಅಂಕಿ ಮಾತ್ರ ಕಾಗದದಲ್ಲಿ ಹಾಗೇ ಉಳಿದಿರುತ್ತದೆ. ಇಂಥ ಕಡೆ ಆ ಪ್ರದೇಶದ ವಾಲ್ವ್‌ಮನ್ ಯಾವ ನಕ್ಷೆಗಿಂತಲೂ ಹೆಚ್ಚು ಬಲ್ಲವರು. ಡಾಂಬರಿನಡಿ ಮುಚ್ಚಿಹೋದ ವಾಲ್ವ್ ಚೇಂಬರು ಎಲ್ಲಿದೆ, ಯಾವ ಸಾಲು ಯಾವ ಬೀದಿಗೆ ತಿರುಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅವರ ಜೊತೆ ಒಂದು ಸುತ್ತು ನಡೆಯದೆ ನಾನು ಉಪಕರಣವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದಿಲ್ಲ.

ಲೋಹದ ಕೊಳವೆ ಮತ್ತು ಕೇಬಲ್‌ಗಳಿಗೆ ವಿದ್ಯುತ್ಕಾಂತೀಯ ಲೊಕೇಟರೇ ಸರಿ. ಹರಿಯುವ ವಿದ್ಯುತ್ತಿನ 50 ಹರ್ಟ್ಸ್ ಸಂಕೇತವನ್ನು ಅದು ತಾನಾಗಿಯೇ ಹಿಡಿಯುತ್ತದೆಯಾದರೂ, ಆ ಹೊತ್ತಿಗೆ ಕೇಬಲ್ಲಿನಲ್ಲಿ ಹೊರೆ ಇಲ್ಲದಿದ್ದರೆ ಏನೂ ಕೇಳಿಸದಿರಬಹುದು. ಆದ್ದರಿಂದ ಮೌನವನ್ನು ಖಾಲಿ ನೆಲವೆಂದು ಬಗೆಯಬಾರದು. ಸಾಧ್ಯವಿರುವ ಕಡೆಯೆಲ್ಲ ವಾಲ್ವಿಗೆ ನೇರವಾಗಿ ತಂತಿ ಜೋಡಿಸಿಯೋ ಕೇಬಲ್ಲಿನ ಸುತ್ತ ಕ್ಲ್ಯಾಂಪ್ ಹಾಕಿಯೋ ನಮ್ಮದೇ ಸಂಕೇತವನ್ನು ಹರಿಸುತ್ತೇವೆ. ಕಡಿಮೆ ಆವರ್ತನ, ಉದಾಹರಣೆಗೆ 512 ಹರ್ಟ್ಸ್, ದೂರ ಹೋಗುತ್ತದೆ ಮತ್ತು ಪಕ್ಕದ ಸಾಲಿಗೆ ಅಷ್ಟಾಗಿ ಹಾರುವುದಿಲ್ಲ. 33 ಕಿಲೋಹರ್ಟ್ಸ್ ಹಾಕುವುದು ಸುಲಭ, ರಬ್ಬರ್ ಜಾಯಿಂಟುಗಳನ್ನೂ ದಾಟಬಲ್ಲದು. ಆದರೆ ಕೇಬಲ್‌ಗಳು ಒತ್ತೊತ್ತಾಗಿರುವ ರಸ್ತೆಯಲ್ಲಿ ಅದು ಪಕ್ಕದವನ ಮೈಮೇಲೂ ಹರಿದು, ಇಲ್ಲದ ಜಾಗದಲ್ಲಿ ಸಾಲು ತೋರಿಸುತ್ತದೆ. ಇದನ್ನು ಪತ್ತೆ ಹಚ್ಚಲು ಎರಡು ಪರೀಕ್ಷೆಗಳನ್ನು ಮಾಡುತ್ತೇನೆ. ಲೊಕೇಟರಿನ ಗರಿಷ್ಠ ವಿಧಾನದಲ್ಲಿ ಸಂಕೇತ ಅತಿ ಹೆಚ್ಚಾಗುವ ಜಾಗವೂ ಅದರ ಶೂನ್ಯ ವಿಧಾನದಲ್ಲಿ ಸಂಕೇತ ಇಲ್ಲವಾಗುವ ಜಾಗವೂ ಒಂದೇ ಆಗಿರಬೇಕು. ಲೊಕೇಟರನ್ನು ನೆಲದಿಂದ ಅರ್ಧ ಮೀಟರ್ ಎತ್ತಿ ಹಿಡಿದಾಗ ತೋರಿಸುವ ಆಳವೂ ಅರ್ಧ ಮೀಟರ್ ಹೆಚ್ಚಾಗಬೇಕು. ಎರಡರಲ್ಲಿ ಒಂದು ತಪ್ಪಿದರೂ ಆ ಜಾಗದ ಗುರುತನ್ನು ಅನುಮಾನಾಸ್ಪದ ಎಂದೇ ಬರೆದುಕೊಳ್ಳುತ್ತೇನೆ.

ಪ್ಲಾಸ್ಟಿಕ್ ಕೊಳವೆಗೆ ಲೊಕೇಟರ್ ಕಿವುಡು. ಅಲ್ಲಿ ನೆಲ ಭೇದಿಸುವ ರಾಡಾರ್ ಬೇಕು. ಗಾಡಿಯನ್ನು ರಸ್ತೆಗೆ ಅಡ್ಡಲಾಗಿ ತಳ್ಳಿಕೊಂಡು ಹೋದರೆ, ಕೊಳವೆಯಿರುವ ಕಡೆ ಪರದೆಯ ಮೇಲೆ ಬೋರಲು ಹಾಕಿದ ಬೋಗುಣಿಯಂಥ ಗೆರೆ ಮೂಡುತ್ತದೆ. ಗೆರೆ ಕಂಡರೆ ಜಾಗ ಸಿಕ್ಕಿತು, ನಿಜ. ಆಳದ ಮಾತು ಬೇರೆ. ರಾಡಾರ್ ಆಳವನ್ನು ಅಳೆಯುವುದಿಲ್ಲ, ತರಂಗ ಹೋಗಿ ಬರುವ ಸಮಯವನ್ನು ಅಳೆಯುತ್ತದೆ. 24 ನ್ಯಾನೋಸೆಕೆಂಡಿನಲ್ಲಿ ಪ್ರತಿಧ್ವನಿ ಬಂತೆಂದುಕೊಳ್ಳಿ. ಮಣ್ಣಿನಲ್ಲಿ ತರಂಗದ ವೇಗ ನ್ಯಾನೋಸೆಕೆಂಡಿಗೆ 0.10 ಮೀಟರ್ ಎಂದು ಯಂತ್ರದಲ್ಲಿ ತುಂಬಿದ್ದರೆ ಅದು 1.2 ಮೀಟರ್ ಆಳ ಎನ್ನುತ್ತದೆ. ಮಳೆ ಬಂದು ಮಣ್ಣು ನೆನೆದು ವೇಗ 0.07ಕ್ಕೆ ಇಳಿದಿದ್ದರೆ ಕೊಳವೆ ನಿಜವಾಗಿ ಇರುವುದು 84 ಸೆಂಟಿಮೀಟರಿನಲ್ಲಿ. ಒಂದು ಮೀಟರ್‌ವರೆಗೆ ಧೈರ್ಯವಾಗಿ ಅಗೆಯಬಹುದು ಎಂದು ಆ ಅಂಕಿಯನ್ನು ನಂಬಿದ ಜೆಸಿಬಿ ಚಾಲಕನ ಬಕೆಟ್ಟು ನೇರ ಕೊಳವೆಗೇ ಹೊಡೆಯುತ್ತದೆ. ಯಂತ್ರದ ಜೊತೆಗೆ ಬರುವ ವೇಗದ ಅಂಕಿಯನ್ನು ಹಾಗೇ ಬಿಟ್ಟು ಅಳೆದ ವರದಿಗಳನ್ನು ಕಂಡಾಗ ನನಗೆ ಸಿಟ್ಟು ಬರುವುದು ಈ ಕಾರಣಕ್ಕೆ. ನಾನು ಮಾಡುವುದು ಇಷ್ಟೇ: ಹತ್ತಿರದ ಮ್ಯಾನ್‌ಹೋಲಿನ ಮುಚ್ಚಳ ತೆಗೆಸಿ, ಮೇಲಿನಿಂದಲೇ ಟೇಪು ಬಿಟ್ಟು ಕೊಳವೆಯ ನೆತ್ತಿಯ ಆಳ ಅಳೆದು, ಅದೇ ಕೊಳವೆಯ ಮೇಲೆ ರಾಡಾರ್ ಓಡಿಸಿ, ಆ ದಿನದ ಮಣ್ಣಿನ ವೇಗವನ್ನು ಲೆಕ್ಕ ಹಾಕಿಕೊಳ್ಳುವುದು. ಕೆಂಪು ಮಣ್ಣಿನ ಬಡಾವಣೆಯ ವೇಗ ಹೂಳು ತುಂಬಿದ ಹಳೆಯ ಕೆರೆಯಂಗಳಕ್ಕೆ ಹೊಂದುವುದಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯಾಗಿದ್ದಂತೆ ಇಂಥ ಅಂಗಳಗಳು ಈ ನಗರದಲ್ಲಿ ಬೇಕಾದಷ್ಟಿವೆ. ಜಿಗುಟು ಜೇಡಿಯಲ್ಲಿ ತರಂಗವೇ ಹೀರಿಹೋಗಿ ಹೆಚ್ಚು ಆಳ ಕಾಣುವುದಿಲ್ಲ, ಅದನ್ನೂ ನಕ್ಷೆಯಲ್ಲಿ ಹೇಳಬೇಕು.

ಇಷ್ಟಾದರೂ ಕಣ್ಣಿಗೆ ಕಾಣದ್ದನ್ನು ಕಂಡದ್ದೆಂದು ಬರೆಯಲಾಗದು. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘವು 2002ರಲ್ಲಿ ಹೊರತಂದು 2022ರಲ್ಲಿ ಪರಿಷ್ಕರಿಸಿದ ಎಎಸ್‌ಸಿಇ 38 ಮಾನದಂಡವು ಮಾಹಿತಿಯನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತದೆ: ದಾಖಲೆಯಿಂದ ತಿಳಿದದ್ದು ಡಿ, ಮೇಲೆ ಕಾಣುವ ಮುಚ್ಚಳಗಳನ್ನು ಅಳೆದು ಹೊಂದಿಸಿದ್ದು ಸಿ, ಉಪಕರಣದಿಂದ ಪತ್ತೆ ಹಚ್ಚಿದ್ದು ಬಿ, ಅಗೆದು ತೆರೆದು ನೋಡಿ ಅಳೆದದ್ದು ಎ. ನಾನು ಈ ದರ್ಜೆಯನ್ನು ಇಡೀ ನಕ್ಷೆಗಲ್ಲ, ಪ್ರತಿ ಸಾಲಿನ ಪ್ರತಿ ತುಂಡಿಗೂ ಕೊಡುತ್ತೇನೆ. ನಕ್ಷೆ ನೋಡಲು ಹರುಕುಮುರುಕಾಗುತ್ತದೆ, ಗ್ರಾಹಕರಿಗೆ ಹಿಡಿಸುವುದಿಲ್ಲ. ಅಚ್ಚುಕಟ್ಟಾದ ಬಣ್ಣದ ಗೆರೆಗಳನ್ನು ಬಯಸುವವರಿಗೆ ಬೇರೆಯವರು ಸಿಗುತ್ತಾರೆ. ಹೊಸ ಸಾಲು ಹಳೆಯದನ್ನು ದಾಟುವ ಕಡೆಗಳಲ್ಲೆಲ್ಲ ಟ್ರಯಲ್ ಪಿಟ್ ತೋಡಿಸಿ ಎ ದರ್ಜೆಗೆ ತರಬೇಕೆಂಬುದು ನನ್ನ ಷರತ್ತು, ಮತ್ತು ಆ ಗುಂಡಿಯನ್ನು ಕೈಯಿಂದಲೇ ತೋಡಬೇಕು. ಕೇಬಲ್ ಇರುವ ಕಡೆ ವಿದ್ಯುತ್ ಕಡಿತವನ್ನು ಖಚಿತಪಡಿಸಿಕೊಳ್ಳದೆ ಹಾರೆ ಹಾಕಬಾರದು.

ಅಡ್ಡ ಕೊರೆತದ ಕೆಲಸಗಳಲ್ಲಿ ಈ ಎಚ್ಚರ ಇನ್ನೂ ಮುಖ್ಯ. ರಸ್ತೆ ಬಗೆಯದೆ ಕೊರೆದು ಕೊಳವೆ ಎಳೆಯುವ ವಿಧಾನ ನಗರಕ್ಕೆ ವರವೇ ಸರಿ, ಆದರೆ ಕೊರೆಯುವ ತಲೆ ಒಳಚರಂಡಿ ಕೊಳವೆಯನ್ನು ತೂರಿ ಆಚೆ ಹೋದರೂ ಮೇಲೆ ನಿಂತವರಿಗೆ ತಿಳಿಯದಿರಬಹುದು. ಅನಿಲ ಕೊಳವೆ ಹಾಗೆ ಚರಂಡಿಯೊಳಗೆ ಹಾದುಹೋಗಿದ್ದರೆ, ಮುಂದೊಂದು ದಿನ ಕಟ್ಟಿಕೊಂಡ ಚರಂಡಿಯನ್ನು ಬಿಡಿಸಲು ಬಂದವನ ಯಂತ್ರ ಅನಿಲವನ್ನೇ ಸೀಳುತ್ತದೆ. ಆದ್ದರಿಂದ ಕೊರೆತಕ್ಕೆ ಮುಂಚೆಯೂ ಆಮೇಲೂ ಒಳಚರಂಡಿಯಲ್ಲಿ ಕ್ಯಾಮೆರಾ ಓಡಿಸಬೇಕೆಂದು ಟೆಂಡರಿನಲ್ಲೇ ಬರೆಸಲು ಒತ್ತಾಯಿಸುತ್ತೇನೆ. ಆಮೇಲಿನದನ್ನು ಉಳಿತಾಯದ ಹೆಸರಿನಲ್ಲಿ ಬಿಡುವವರೇ ಹೆಚ್ಚು.

ಅಗೆಯುವ ಮುನ್ನ ಕೊಳವೆ, ಕೇಬಲ್ಲುಗಳ ಒಡೆಯರಿಗೆ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಿಡುಗಡೆ ಮಾಡಿತು. ಒಳ್ಳೆಯ ವ್ಯವಸ್ಥೆ. ಆದರೆ ಅದರಿಂದ ಸಿಗುವ ಉತ್ತರ, ಒಡೆಯರ ದಾಖಲೆ ಎಷ್ಟು ಸರಿಯೋ ಅಷ್ಟೇ ಸರಿ. ದಾಖಲೆ ಸರಿಯಾಗಲು ಅಗ್ಗದ ಹೊತ್ತು ಒಂದೇ, ಕಂದಕ ತೆರೆದಿರುವಾಗ. ಈಗ ನಾವು ಹಾಕಿಸುವ ಪ್ಲಾಸ್ಟಿಕ್ ಕೊಳವೆಗಳ ಉದ್ದಕ್ಕೂ ಲೊಕೇಟರಿಗೆ ಸಿಗುವ ಟ್ರೇಸರ್ ತಂತಿ, ಅದರ ಮೇಲೆ ಸುಮಾರು ಒಂದಡಿ ಮಣ್ಣು ಬಿಟ್ಟು ಎಚ್ಚರಿಕೆಯ ಟೇಪು ಹಾಕಿಸುತ್ತೇನೆ. ಮಣ್ಣು ಮುಚ್ಚುವ ಮುಂಚೆ ಪ್ರತಿ ತಿರುವಿನಲ್ಲೂ ಜಾಯಿಂಟಿನಲ್ಲೂ ಕೊಳವೆಯ ನೆತ್ತಿಯ ಎತ್ತರವನ್ನು ಗೋಡೆ, ಅಂಚುಗಳಿಂದಲ್ಲ, ಸಮುದ್ರಮಟ್ಟದ ಲೆಕ್ಕದಲ್ಲಿ, ಅಕ್ಷಾಂಶ ರೇಖಾಂಶಗಳ ಸಮೇತ ದಾಖಲಿಸುತ್ತೇವೆ. ರಸ್ತೆಗೆ ಇನ್ನೊಂದು ಪದರ ಡಾಂಬರು ಬಿದ್ದರೂ ಆ ಅಂಕಿ ಬದಲಾಗುವುದಿಲ್ಲ.