ಕಂಡಕ್ಟರ್ ಇಲ್ಲದ ಊರು: ಮ್ಯೂನಿಕ್‌ಗೆ ಹೊಸದಾಗಿ ಬಂದವರಿಗೆ

ಮ್ಯೂನಿಕ್‌ಗೆ ಬಂದ ಎರಡನೇ ವಾರವೇ ನಾನು ಯು-ಬಾನ್‌ನಲ್ಲಿ, ಅಂದರೆ ಇಲ್ಲಿನ ನೆಲದಡಿಯ ಮೆಟ್ರೊದಲ್ಲಿ, ಸಿಕ್ಕಿಬಿದ್ದೆ. 2017ರ ನವೆಂಬರ್. ನನ್ನ ಅಪ್ಪ 31 ವರ್ಷ ಅರಸೀಕೆರೆ ಕಡೆ ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರ ಮಗ ಟಿಕೆಟ್ ಇಲ್ಲದೆ ಪ್ರಯಾಣ ಮಾಡಿದ ಅಂತ ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ಆ ಚೀಟಿ ಇವತ್ತಿಗೂ ನನ್ನ ಪಾಸ್‌ಪೋರ್ಟ್ ಫೈಲಿನಲ್ಲಿದೆ.

ಟಿಕೆಟ್ ಕೊಂಡಿದ್ದೆ. ಶ್ಟ್ರೈಫನ್‌ಕಾರ್ಟೆ ಅಂತ, ಹತ್ತು ಪಟ್ಟಿಗಳಿರುವ ಉದ್ದನೆಯ ಕಾಗದ. ಮಷೀನಿನಲ್ಲಿ ದುಡ್ಡು ಹಾಕಿ ಕೊಂಡು, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ರೈಲು ಹತ್ತಿದೆ. ದುಡ್ಡು ಕೊಟ್ಟಾಯ್ತಲ್ಲ, ಮುಗೀತು ಅನ್ನೋದು ನಮ್ಮ ಕಡೆಯ ಲೆಕ್ಕ. ಇಲ್ಲಿ ದುಡ್ಡು ಕೊಟ್ಟರೆ ಅರ್ಧ ಕೆಲಸವಷ್ಟೇ ಆದ ಹಾಗೆ. ಪ್ಲಾಟ್‌ಫಾರ್ಮಿಗೆ ಇಳಿಯುವ ಮುಂಚೆ ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿ ಇರುತ್ತದೆ. ಅದರ ಬಾಯಿಗೆ ಕಾಗದ ತೂರಿಸಿದರೆ ತಾರೀಕು, ಹೊತ್ತು ಎಲ್ಲ ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದ ಮೇಲೇ ಅದು ಟಿಕೆಟ್ಟು, ಅಲ್ಲಿಯವರೆಗೆ ಬರೀ ಕಾಗದ. ನಾನು ಆ ಡಬ್ಬಿಯ ಪಕ್ಕದಲ್ಲೇ ಹಾದು ಹೋಗಿದ್ದೆ.

ಬಾಗಿಲು ಮುಚ್ಚಿಕೊಂಡ ಮೇಲೆ ಸಾದಾ ಬಟ್ಟೆಯಲ್ಲಿದ್ದ ಇಬ್ಬರು ಜಾಕೆಟ್ಟಿನಿಂದ ಗುರುತಿನ ಚೀಟಿ ತೆಗೆದು ತೋರಿಸಿದರು. ನಾನು ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದೆ: ಹೊಸಬ, ಗೊತ್ತಿರಲಿಲ್ಲ, ಇಗೋ ಕೊಂಡ ಟಿಕೆಟ್. ಅವರು ಪೂರ್ತಿ ಕೇಳಿಸಿಕೊಂಡರು, ಬೈಯಲಿಲ್ಲ, 60 ಯೂರೊ ಬರೆದರು. ಬೋಗಿಯಲ್ಲಿ ಬಾಕಿ ಉಳಿದವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಯಾರಾದರೂ ಒಬ್ಬರು ಬೈದಿದ್ದರೆ ನನಗೆ ಅಷ್ಟು ಅವಮಾನ ಆಗುತ್ತಿರಲಿಲ್ಲವೇನೋ.

ನಮ್ಮ ಕಡೆ ಟಿಕೆಟ್ಟಿನ ಭಾರ ಹೊರುವವರು ಬೇರೆಯವರು. ಕಂಡಕ್ಟರ್ ಬರುತ್ತಾರೆ, ಕೇಳುತ್ತಾರೆ, ಹರಿದು ಕೊಡುತ್ತಾರೆ. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಹಿಂದೆ ಬರೆಯುತ್ತಾರೆ. ಹಿಂದಿನ ಸೀಟಿನಲ್ಲಿ ಯಾರೋ ಒಬ್ಬರು ಟಿಕೆಟ್ ತೆಗೆದುಕೊಳ್ಳದೆ ಕೂತಿದ್ದು ಚೆಕಿಂಗ್‌ನವರಿಗೆ ಸಿಕ್ಕರೆ ಮೆಮೊ ಬರುವುದು ಕಂಡಕ್ಟರಿಗೆ. ಒಮ್ಮೆ ಅಪ್ಪನಿಗೆ ಹಾಗೆ ಮೆಮೊ ಬಂದು, ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡದೆ ಕೂತಿದ್ದು ನನಗೆ ನೆನಪಿದೆ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ನಮ್ಮ ಮೆಟ್ರೊ ಶುರುವಾದಾಗ ಆ ಕೆಲಸ ಗೇಟಿನದಾಯಿತು: ಟೋಕನ್ನೋ ಕಾರ್ಡೋ ಇಲ್ಲದಿದ್ದರೆ ತೆರೆಯುವುದೇ ಇಲ್ಲ. ಮ್ಯೂನಿಕ್‌ನಲ್ಲಿ ಕಂಡಕ್ಟರೂ ಇಲ್ಲ, ಗೇಟೂ ಇಲ್ಲ, ಬ್ಯಾಗ್ ತಪಾಸಣೆಯೂ ಇಲ್ಲ. ಮೆಟ್ಟಿಲಿಳಿದರೆ ನೇರ ರೈಲು. ಹೊಸಬರಿಗೆ ಇದು ಸಲೀಸು ಅನ್ನಿಸುತ್ತದೆ. ಸಲೀಸಲ್ಲ. ಕಂಡಕ್ಟರ್ ಹೊತ್ತಿದ್ದ ಭಾರ ಪೂರ್ತಿ ನಿಮ್ಮ ಹೆಗಲಿಗೆ ಬಂದಿದೆ, ಯಾರೂ ಹೇಳದೆ ಬಂದಿದೆ. ಟಿಕೆಟ್ ಇಲ್ಲದೆ ಓಡಾಡುವುದು ಇಲ್ಲಿ ಬರೀ ದಂಡ ಕಟ್ಟಿ ಮರೆಯುವ ವಿಷಯವೂ ಅಲ್ಲ, ಜರ್ಮನ್ ದಂಡಸಂಹಿತೆಯ 265ಎ ಕಲಮಿನ ಕೆಳಗೆ ಅದು ಅಪರಾಧ. "ಎರಡು ಸ್ಟಾಪ್ ತಾನೆ" ಅನ್ನುವ ಗೆಳೆಯರ ಮಾತು ಕೇಳಬೇಡಿ.

ಇನ್ನು ಕಾಗದಪತ್ರ. ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸ್ ಮಾಡಿಸಿಕೊಳ್ಳಿ. 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾದದ್ದು 2026ರ ಜನವರಿಯಿಂದ 63 ಆಗಿದೆ. ದೇಶದ ಎಲ್ಲ ಊರಿನ ಬಸ್, ಟ್ರಾಮ್, ಯು-ಬಾನ್, ಎಸ್-ಬಾನ್ (ಸುತ್ತಲಿನ ಊರುಗಳಿಗೂ ಹೋಗುವ ಲೋಕಲ್ ರೈಲು), ಪ್ರಾದೇಶಿಕ ರೈಲು ಅದರಲ್ಲಿ ನಡೆಯುತ್ತವೆ, ದೂರದೂರಿನ ವೇಗದ ರೈಲು ಐಸಿಇ ನಡೆಯುವುದಿಲ್ಲ. ಬೇಡ ಅಂದರೆ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡಿ. ಪಾಸ್ ಮನೆಯಲ್ಲಿ ಮರೆತು ಸಿಕ್ಕಿಬಿದ್ದರೆ ಒಂದು ವಾರದೊಳಗೆ ತೋರಿಸಿ, ದಂಡ 7 ಯೂರೊಗೆ ಇಳಿಯುತ್ತದೆ. ಆಫೀಸಿನ ಮೂಲಕ ಕಡಿಮೆ ದರಕ್ಕೆ ಸಿಗುವ ಜಾಬ್ ಟಿಕೆಟ್ ಇದೆಯಾ ಅಂತ ಕೇಳಿ. ಇಷ್ಟೇ.

ಮಕ್ಕಳದ್ದು ಮಾತ್ರ ಸ್ವಲ್ಪ ನಿಂತು ಹೇಳಬೇಕು. 6 ವರ್ಷ ತುಂಬುವವರೆಗೆ ಟಿಕೆಟ್ ಬೇಡ. ತುಂಬಿದ ದಿನದಿಂದ ಬೇಕು, ನಿಮ್ಮ ಡಾಯ್ಚ್‌ಲಾಂಡ್ ಟಿಕೆಟ್ಟಿನಲ್ಲಿ ಮಗು ಬರುವುದಿಲ್ಲ. ನಮ್ಮಲ್ಲಿ ಅರ್ಧ ಟಿಕೆಟ್ ತಪ್ಪಿಸೋಕೆ ಮಗುವಿನ ವಯಸ್ಸು ಒಂದು ವರ್ಷ ಇಳಿಸಿ ಹೇಳುವ ರೂಢಿ ಇದೆ, ಅದನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಆ ಮಗು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿರುತ್ತದೆ.

ಎರಡನೇ ತಪ್ಪು ವಿಮಾನ ನಿಲ್ದಾಣದ್ದು. 2018ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಮೊದಲ ಸಲ ಬಂದರು. ಅವರಿಬ್ಬರೂ ವಿಮಾನ ಹತ್ತಿದ್ದೇ ಮೊದಲು. ಕರೆತರೋಕೆ ಎಸ್1 ಅನ್ನುವ ಎಸ್-ಬಾನ್ ಹಿಡಿದು ಹೊರಟೆ, ಮುಂದಿನ ಬೋಗಿ ಖಾಲಿ ಇತ್ತು ಅಂತ ಅಲ್ಲೇ ಕೂತೆ. ಎಸ್1 ನಾಯ್‌ಫಾರ್ನ್ ಅನ್ನುವ ನಿಲ್ದಾಣದಲ್ಲಿ ಎರಡು ತುಂಡಾಗುತ್ತದೆ. ಹಿಂದಿನ ಅರ್ಧ ವಿಮಾನ ನಿಲ್ದಾಣಕ್ಕೆ, ಮುಂದಿನ ಅರ್ಧ ಫ್ರೈಸಿಂಗ್ ಊರಿಗೆ. ಜರ್ಮನ್‌ನಲ್ಲಿ ಹೇಳಿದರು, ನನಗೆ ತಿಳಿಯಲಿಲ್ಲ. ಫ್ರೈಸಿಂಗ್‌ನಲ್ಲಿ ಇಳಿದು ಸುತ್ತ ನೋಡಿದಾಗ ಒಂದು ವಿಮಾನವೂ ಇಲ್ಲ. ಅಲ್ಲಿಂದ 635 ನಂಬರಿನ ಬಸ್ ಹಿಡಿದು ನಾನು ತಲುಪುವ ಹೊತ್ತಿಗೆ ಅಪ್ಪ ಅಮ್ಮ ಟ್ರಾಲಿ ಹಿಡಿದುಕೊಂಡು ಒಂದು ಗಂಟೆಯ ಮೇಲೆ ನಿಂತಿದ್ದರು. ಕೂರೋಕೆ ಕುರ್ಚಿ ಇತ್ತು. ಜಾಗ ಬಿಟ್ಟರೆ ಮಗನಿಗೆ ಸಿಗುವುದಿಲ್ಲ ಅಂತ ನಿಂತೇ ಇದ್ದರು.

ಆದ್ದರಿಂದ ಎಸ್1 ಹತ್ತುವಾಗ ಹಿಂದಿನ ಬೋಗಿಗಳು, ಮರೆಯಬೇಡಿ. ಬೋಗಿಯ ಮೇಲಿನ ಬೋರ್ಡು ಓದಿ. ಅನುಮಾನ ಬಂದರೆ ಎಸ್8 ಹಿಡಿಯಿರಿ, ಅದು ತುಂಡಾಗುವುದಿಲ್ಲ.

ಮೂರನೆಯದು ಮನೆ. ಇದರ ಬಗ್ಗೆ ನನಗೆ ಇನ್ನೂ ಸಂಕಟ ಇದೆ. ಬಾಡಿಗೆ ಕಡಿಮೆ ಅಂತ ನಾವು ಪಶ್ಚಿಮಕ್ಕೆ ಗೆರ್ಮೆರಿಂಗ್‌ನಲ್ಲಿ ಮನೆ ಮಾಡಿದೆವು. ಕೆಲಸ ಪೂರ್ವದಲ್ಲಿ, ಓಸ್ಟ್‌ಬಾನ್‌ಹೋಫ್ ನಿಲ್ದಾಣದ ಹತ್ತಿರ. ಮ್ಯಾಪಿನಲ್ಲಿ ನೋಡಿದರೆ ಎಸ್8 ಒಂದೇ ರೈಲು, ಬದಲಾಯಿಸುವ ತಾಪತ್ರಯವೇ ಇಲ್ಲ. ಮ್ಯಾಪಿನಲ್ಲಿ ಕಾಣದ್ದು ಸುರಂಗ. 1972ರ ಒಲಿಂಪಿಕ್ಸ್‌ಗಾಗಿ ಈ ಊರು ಒಂದೇ ಬೀಸಿನಲ್ಲಿ ಎಲ್ಲ ಕಟ್ಟಿತು. ಯು-ಬಾನ್ ಉದ್ಘಾಟನೆ ಆದದ್ದು 1971ರ ಅಕ್ಟೋಬರ್ 19ಕ್ಕೆ, ಎಸ್-ಬಾನ್‌ದು 1972ರ ಏಪ್ರಿಲ್ 28ಕ್ಕೆ. ಊರಿನ ಸುತ್ತಲಿನ ಹಳಿಗಳನ್ನೆಲ್ಲ ತಂದು ಊರ ನಡುವೆ ಎರಡೇ ಹಳಿಯ ಒಂದು ಸುರಂಗಕ್ಕೆ ಸೇರಿಸಿದರು. ಅದೇ ಶ್ಟಾಮ್‌ಶ್ಟ್ರೆಕೆ. ಹೆಚ್ಚುಕಡಿಮೆ ಎಲ್ಲ ಎಸ್-ಬಾನ್‌ಗಳೂ ಅದರಲ್ಲೇ ತೂರಿ ಹೋಗಬೇಕು, ಗಂಟೆಗೆ ಒಂದೊಂದು ದಿಕ್ಕಿಗೆ 30 ರೈಲು. ಒಂದು ಸಿಗ್ನಲ್ ಕೆಟ್ಟರೆ, ಒಬ್ಬರು ಬಾಗಿಲಿಗೆ ಕಾಲು ಕೊಟ್ಟು ಹಿಡಿದರೆ, ಹಿಂದಿನವೆಲ್ಲ ಸಾಲಾಗಿ ನಿಲ್ಲುತ್ತವೆ. ಎರಡನೇ ಸುರಂಗದ ಕೆಲಸ 2017ರಲ್ಲಿ ಶುರುವಾಗಿದೆ, ಮುಗಿಯುವುದಕ್ಕೆ 2035ರಿಂದ 37ರ ಮಾತು ಹೇಳುತ್ತಿದ್ದಾರೆ.

ಮಗಳ ಕೀಟಾ, ಅಂದರೆ ಶಿಶುವಿಹಾರ, ಐದು ಗಂಟೆಗೆ ಮುಚ್ಚುತ್ತಿತ್ತು. 2019ರ ಚಳಿಗಾಲದಲ್ಲಿ ಒಂದೇ ತಿಂಗಳು ಮೂರು ಸಲ ನಾನು ಸುರಂಗದೊಳಗೆ ನಿಂತ ರೈಲಿನಲ್ಲಿ ಗಡಿಯಾರ ನೋಡುತ್ತಾ ನಿಂತಿದ್ದೆ. ಫೋನ್ ಮಾಡೋಣ ಅಂದರೆ ಕೈ ನಡುಗುತ್ತಿತ್ತು. ಮೂರನೇ ಸಲ ಹೋದಾಗ ಮಗಳು ಕೋಟು, ಟೋಪಿ, ಬೂಟು ಎಲ್ಲ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಶಿಕ್ಷಕಿಯೂ ಕೋಟು ಹಾಕಿಕೊಂಡೇ ಕೂತಿದ್ದರು. ಅಳುತ್ತಿರಲಿಲ್ಲ ಅವಳು. ಊರಿನಲ್ಲಾಗಿದ್ದರೆ ಪಕ್ಕದ ಮನೆಯ ಅಕ್ಕನೋ, ಅತ್ತೆಯೋ ಹೋಗಿ ಕರೆದುಕೊಂಡು ಬಂದಿರುತ್ತಿದ್ದರು. ಇಲ್ಲಿ ಆ ಹೊತ್ತಿಗೆ ನಮಗೆ ಅಂತ ಇದ್ದದ್ದು ಒಂದು ರೈಲು, ಅದು ಸುರಂಗದಲ್ಲಿತ್ತು.

ಮನೆ ನೋಡುವಾಗ ನಿಲ್ದಾಣ ಎಷ್ಟು ಹತ್ತಿರ ಅಂತ ಮಾತ್ರ ನೋಡಬೇಡಿ. ನಿಮ್ಮ ಕೆಲಸಕ್ಕೂ ಮಗುವಿನ ಕೀಟಾಕ್ಕೂ ನಡುವೆ ಆ ಸುರಂಗ ಇದೆಯಾ ಅಂತ ನೋಡಿ. ಕೀಟಾ ಮನೆಯ ಹತ್ತಿರ, ಮನೆ ಯು-ಬಾನ್ ಅಥವಾ ಟ್ರಾಮಿನ ಹತ್ತಿರ, ಹೀಗಿದ್ದರೆ ಬಾಡಿಗೆ ನೂರೈವತ್ತು ಯೂರೊ ಜಾಸ್ತಿಯಾದರೂ ಕೊಡಿ. ಗಾರ್ಚಿಂಗ್‌ನಲ್ಲಿ ಓದೋಕೆ ಬರುವ ಹುಡುಗ ಹುಡುಗಿಯರಿಗೆ ಯು6 ಇದೆ, 2006ರಿಂದ ಅದು ವಿಶ್ವವಿದ್ಯಾಲಯದ ಬಾಗಿಲವರೆಗೂ ಹೋಗುತ್ತದೆ, ಆ ಹಳಿಯ ಮೇಲೇ ರೂಮು ಹುಡುಕಿ. ನಾವು ಒಂದೂವರೆ ವರ್ಷ ತಡವಾಗಿ ಕಲಿತು ಟ್ರಾಮ್ 19ರ ದಾರಿಗೆ ಬಂದು ಸೇರಿದೆವು.

ಸಣ್ಣ ಪುಟ್ಟದ್ದು ಕೆಲವು. ಬಾಗಿಲು ತಾನಾಗಿ ತೆರೆಯುತ್ತದೆ ಅಂತ ನಿಲ್ಲಬೇಡಿ, ಗುಂಡಿ ಒತ್ತಿ. ಹಳೆಯ ಯು-ಬಾನ್ ಬೋಗಿಗಳಲ್ಲಿ ಹಿಡಿ ಎಳೆಯಬೇಕು. ಎಸ್ಕಲೇಟರಿನಲ್ಲಿ ನಿಲ್ಲುವವರು ಬಲಕ್ಕೆ. ಸೈಕಲ್ ಹೊಡೆಯುವವರು ಟ್ರಾಮ್ ಹಳಿಯನ್ನು ಅಡ್ಡಡ್ಡವೇ ದಾಟಿ, ಓರೆಯಾಗಿ ಹೋದರೆ ಚಕ್ರ ಹಳಿಯ ಸಂದಿಗೆ ಇಳಿಯುತ್ತದೆ. ಮಳೆಯಲ್ಲಿ ಹಾಗೆ ಬಿದ್ದು ನನ್ನ ಎಡ ಮಣಿಕಟ್ಟು ಇನ್ನೂ ಚಳಿಗೆ ನೋಯುತ್ತದೆ.

ಈಗ ನಿಜವಾಗಿ ಹೇಳಬೇಕಾದ್ದು. ಇಲ್ಲಿನ ಗಾಡಿಗಳಲ್ಲಿ ಜನ ಮಾತಾಡುವುದು ಕಡಿಮೆ. ನಮ್ಮ ಬಸ್ಸಿನಲ್ಲಿ ಮೂರು ಸೀಟು ಆಚೆಯವರ ಮದುವೆ ಮಾತುಕತೆಗೆ ನಾವೂ ಒಂದು ಸಲಹೆ ಕೊಡುತ್ತೇವೆ, ಆ ಅಭ್ಯಾಸ ಇಟ್ಟುಕೊಂಡು ಬಂದವನು ನಾನು. ಒಂದು ದಿನ ಊರಿಗೆ ಫೋನ್ ಮಾಡಿ ಜೋರಾಗಿ ಮಾತಾಡುತ್ತಿದ್ದಾಗ ಎದುರಿನ ಅಜ್ಜಿಯೊಬ್ಬರು ನನ್ನ ಮುಖವನ್ನೇ ದಿಟ್ಟಿಸಿದರು. ಅಷ್ಟೇ ಆದದ್ದು. ಆ ಒಂದು ನೋಟ ನನ್ನೊಳಗೆ ಎಷ್ಟು ಇಳಿಯಿತು ಅಂದರೆ, ಆಮೇಲೆ ಗಾಡಿ ಹತ್ತಿದ ಕೂಡಲೇ ಮಗಳಿಗೆ "ಮೆತ್ತಗೆ, ಮೆತ್ತಗೆ" ಅನ್ನತೊಡಗಿದೆ. ಅವಳಿಗೆ ಆಗ ಮೂರು ವರ್ಷ. ಜರ್ಮನ್‌ನಲ್ಲಿ ಜೋರಾಗಿ ಹಾಡಿದರೆ ನಾನು ಸುಮ್ಮನಿರುತ್ತಿದ್ದೆ, ಕನ್ನಡದಲ್ಲಿ "ಅಪ್ಪಾ ಅಲ್ನೋಡು" ಅಂದರೆ "ಮೆತ್ತಗೆ" ಅನ್ನುತ್ತಿದ್ದೆ. ನನಗೇ ಅದು ಗೊತ್ತಾಗಲಿಲ್ಲ. ಐದು ವರ್ಷಕ್ಕೆ ಬರುವ ಹೊತ್ತಿಗೆ ಅವಳು ಮನೆಯ ಬಾಗಿಲು ದಾಟಿದರೆ ಕನ್ನಡ ನಿಲ್ಲಿಸುತ್ತಿದ್ದಳು. ನಾನು ಟ್ರಾಮಿನಲ್ಲಿ ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ. ಯಾಕೆ ಪುಟ್ಟಾ ಅಂದರೆ, ಅದು ಮನೇಲಿ ಮಾತಾಡೋದಲ್ವಾ ಅಂದಳು.

ಅದನ್ನು ಯಾವ ಶಾಲೆಯೂ ಕಲಿಸಲಿಲ್ಲ, ಯಾವ ಜರ್ಮನ್ನರೂ ಕಲಿಸಲಿಲ್ಲ. ನಾನು ಕಲಿಸಿದೆ. ನಿಮಗೆ ಕೈ ಮುಗಿದು ಹೇಳುತ್ತೇನೆ: ದನಿ ತಗ್ಗಿಸಿ, ಅದು ನ್ಯಾಯ, ದಿನವಿಡೀ ದುಡಿದು ಬಂದವರು ಪಕ್ಕದಲ್ಲಿ ಕೂತಿರುತ್ತಾರೆ. ಕನ್ನಡ ನಿಲ್ಲಿಸಬೇಡಿ. ತಗ್ಗಿದ ದನಿಯಲ್ಲೇ ಕಿಟಕಿಯಾಚೆ ಕಂಡದ್ದನ್ನೆಲ್ಲ ಮಗುವಿಗೆ ಕನ್ನಡದಲ್ಲಿ ಹೇಳುತ್ತಾ ಹೋಗಿ. ದಿನಕ್ಕೆ ನಲವತ್ತು ನಿಮಿಷ ಮಗು ನಿಮ್ಮ ತೋಳಿಗೆ ಒರಗಿ ಕೂತಿರುವುದು ಇಲ್ಲಿ ಗಾಡಿಯಲ್ಲಿ ಮಾತ್ರ. ನಾನು ಅಂಥ ಎರಡು ವರ್ಷ ಕಳೆದುಕೊಂಡೆ.

ಕಳೆದ ಬೇಸಿಗೆಯಲ್ಲಿ ಅಪ್ಪ ಮತ್ತೆ ಬಂದಿದ್ದರು, ಈ ಸಲ ಒಬ್ಬರೇ. (ಊರಿಂದ ಬಂದವರನ್ನು ಸುತ್ತಾಡಿಸುವಾಗ ಗುಂಪಿನ ದಿನದ ಟಿಕೆಟ್ ತೆಗೆದುಕೊಳ್ಳಿ, ಐದು ಜನ ದೊಡ್ಡವರವರೆಗೆ ಒಂದೇ ಟಿಕೆಟ್.) ಅವರಿಗೆ ಯು-ಬಾನ್ ಹಿಡಿಸುವುದಿಲ್ಲ, ನೆಲದ ಕೆಳಗೆ ಊರು ಕಾಣುವುದಿಲ್ಲ ಅನ್ನುತ್ತಾರೆ. ಟ್ರಾಮ್ ಅಂದರೆ ಪ್ರಾಣ. ಯು-ಬಾನ್ ಕಟ್ಟಿದ ಮೇಲೆ ಇನ್ನು ಟ್ರಾಮ್ ಯಾಕೆ, ಕಿತ್ತುಹಾಕೋಣ ಅಂತ ಈ ಊರಿನವರು ಯೋಚಿಸಿದ್ದರು, ಆಮೇಲೆ ಉಳಿಸಿಕೊಂಡು ಈಗ ಹೊಸ ಹಳಿ ಹಾಕುತ್ತಿದ್ದಾರೆ ಅಂತ ನಾನು ಹೇಳಿದಾಗ, "ಒಳ್ಳೇ ಕೆಲಸ ಮಾಡಿದ್ರು" ಅಂದರು. ಬೆಳಿಗ್ಗೆ ತಿಂಡಿ ಆದ ಮೇಲೆ 19 ಹತ್ತಿ ಪಾಸಿಂಗ್‌ನಿಂದ ಕೊನೆಯವರೆಗೂ ಹೋಗಿ ಬರುತ್ತಿದ್ದರು. ಮೊದಲ ದಿನ ಗಾಜಿನ ಹಿಂದೆ ಒಬ್ಬರೇ ಕೂತ ಡ್ರೈವರನ್ನು ಬಹಳ ಹೊತ್ತು ನೋಡಿ, "ಯಾರೂ ಬಂದು ಕೇಳಲ್ವಲ್ಲೋ" ಅಂದರು. ಆಗ 60 ಯೂರೊ ದಂಡದ ಕಥೆ ಹೇಳಿದೆ, ಅಷ್ಟು ವರ್ಷ ಮುಚ್ಚಿಟ್ಟಿದ್ದೆ. ಅವರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕೈಯಿಂದ ಟಿಕೆಟ್ ಇಸಕೊಂಡು, ಬೆಳಕಿಗೆ ಹಿಡಿದು ಮುದ್ರೆ ಬಿದ್ದಿದೆಯಾ ಅಂತ ನೋಡಿ ವಾಪಸ್ ಕೊಟ್ಟರು.

ಜರ್ಮನ್ ಘೋಷಣೆ ಅವರಿಗೆ ತಿಳಿಯುವುದಿಲ್ಲ, ಬೋರ್ಡು ಓದೋಕೆ ಆಗುವುದಿಲ್ಲ. ಶನಿವಾರಗಳಲ್ಲಿ ಮಗಳು ಜೊತೆಗೆ ಹೋಗುತ್ತಿದ್ದಳು. ಒಂದು ಶನಿವಾರ ನಾನೂ ಹೋದೆ, ಜಾಗ ಇಲ್ಲದೆ ಹಿಂದೆ ನಿಂತಿದ್ದೆ. ಒಪೆರಾ ದಾಟಿ, ಈಸಾರ್ ಹೊಳೆಯ ಸೇತುವೆ ದಾಟಿ, ಮ್ಯಾಕ್ಸಿಮಿಲಿಯಾನೇಯುಮ್ ಕಟ್ಟಡವನ್ನು ಸುತ್ತಿ ಟ್ರಾಮ್ ದಿಬ್ಬ ಏರುತ್ತಿತ್ತು. ಪ್ರತಿ ಸ್ಟಾಪಿನ ಮುಂಚೆ ಅವಳು ಅಜ್ಜನ ಕಿವಿಯ ಹತ್ತಿರ ಬಾಗಿ ಹೆಸರು ಹೇಳುತ್ತಿದ್ದಳು, ಅವರು ತಲೆ ಆಡಿಸುತ್ತಿದ್ದರು. ಕಿವಿ ಮಂದ ಅವರಿಗೆ. ಎರಡನೇ ಸಲ ಅವಳು ದನಿ ಎತ್ತಿದಳು, ಸುತ್ತಲಿನವರಿಗೆಲ್ಲ ಕೇಳುವ ಹಾಗೆ.

"ಅಜ್ಜಾ, ಮ್ಯಾಕ್ಸ್-ವೇಬರ್-ಪ್ಲಾಟ್ಸ್ ಬಂತು. ನಾವು ಇಲ್ಲಿ ಇಳೀಬೇಕು, ಚೀಲ ತಗೋ."