ಟೆಸ್ಟರ್ ಹಿಡಿದು ಮೊಂಬಾಸಾಕ್ಕೆ

ಕೀನ್ಯಾಕ್ಕೆ ಸ್ವಲ್ಪ ದಿನದ ಮಿಷನ್ ಸೇವೆಗೆ ಹೋಗುವ ಮಾತು ನಮ್ಮ ಚರ್ಚಿನ ಸಭೆಯಲ್ಲಿ ಬಂದಾಗ ಮೊದಲು ಎದ್ದದ್ದು ದುಡ್ಡಿನ ಪ್ರಶ್ನೆ. "ಟಿಕೆಟ್‌ಗೆ ಸುರಿಯೋ ಹಣ ಅವರಿಗೇ ಕಳಿಸಬಾರದಾ ಮಾರಾಯ?" ಎಂದು ಹಿರಿಯರೊಬ್ಬರು ನನ್ನನ್ನೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಸುಮ್ನೆ ಊರು ನೋಡಿ ಬರುವುದಾದರೆ ಹಣ ಕಳಿಸುವುದೇ ಮೇಲು. ಆದರೆ ನಾನು ಮುಂಬೈಯ ಬೊರಿವಲಿಯಲ್ಲಿ ವೈರಿಂಗ್ ಕೆಲಸ ಮಾಡುವವನು. ಪ್ರಸಂಗ ಮಾಡಲು ನನಗೆ ಬರುವುದಿಲ್ಲ, ಅಲ್ಲಿನ ಮೊಂಬಾಸಾ ಹತ್ತಿರ ನಮ್ಮನ್ನು ಕರೆದ ಚರ್ಚಿನವರಿಗೆ ಅದು ಬೇಕಾಗಿಯೂ ಇರಲಿಲ್ಲ. ಶಾಲೆಯ ವೈರಿಂಗ್‌ಗೆ ಕೈ ಜೋಡಿಸುವವರು ಬೇಕಿತ್ತು.

ಕಾಗದಪತ್ರದ ಕೆಲಸ ಬೇಗ ಶುರು ಮಾಡಬೇಕು. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು 10 ದಿನ ಆದ ಮೇಲೇ ಅದು ಲೆಕ್ಕಕ್ಕೆ ಬರುತ್ತದೆ. ಚುಚ್ಚುಮದ್ದು ಹಾಕಿಸಿದ್ದಕ್ಕೆ ಸರ್ಟಿಫಿಕೇಟ್ ಆಗಿ ಕೊಡುವ ಹಳದಿ ಪುಸ್ತಕ ಇಲ್ಲದೆ ವಾಪಸ್ ಬಂದರೆ ಮುಂಬೈಯಲ್ಲಿ 6 ದಿನ ಕ್ವಾರಂಟೈನ್‌ಗೆ ಹಾಕಬಹುದು. ಸಂಬಳ ಇಲ್ಲದ ಸೇವೆಯಾದರೂ ಪ್ರವಾಸಿ ಅಂತ ಹೋಗಿ ಕೆಲಸಕ್ಕೆ ನಿಲ್ಲಬಾರದು. ಅದಕ್ಕೆ ಬೇಕಾದ ಪಾಸ್ ಮಾಡಿಸಿಕೊಡಿ ಎಂದು ಕರೆಸುವ ಚರ್ಚಿಗೆ ಮೊದಲೇ ಹೇಳಿಡಿ.

ಅಲ್ಲಿ ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್ ಒಬ್ಬ ಇದ್ದ. ನಾನು ಅವನ ಹೆಲ್ಪರ್. ಇದು ಸರಿಯಾದ ಏರ್ಪಾಡು ಎಂದೇ ನನ್ನ ಅಭಿಪ್ರಾಯ, ಯಾಕೆಂದರೆ ನಾಳೆ ಫ್ಯೂಸ್ ಹೋದರೆ ಓಡಿ ಬರುವವನು ಅವನೇ ತಾನೇ? ಕರೆಂಟು ಹೆಚ್ಚುಕಡಿಮೆ ನಮ್ಮಲ್ಲಿದ್ದ ಹಾಗೇ, 240 ವೋಲ್ಟ್. ಸಾಕೆಟ್ ಮಾತ್ರ ಬ್ರಿಟಿಷರದ್ದು. ಮೂರು ಚಪ್ಪಟೆ ಕಡ್ಡಿಯ ದಪ್ಪ ಪ್ಲಗ್, ಅದರ ಹೊಟ್ಟೆಯೊಳಗೇ ಫ್ಯೂಸ್. ಶಾಲೆಯ ಅಡುಗೆಮನೆಯ ಪ್ಲಗ್ ಒಂದನ್ನು ಬಿಚ್ಚಿದರೆ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿತ್ತು! ಗೋಡೆಯ ಸಾಕೆಟ್ ಬಿಚ್ಚಿದೆವು. ಶಾಕ್ ಹೊಡೆಯದಂತೆ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ವೈರು ಎಲ್ಲಿಗೂ ಸೇರದೆ ಹಿಂದಕ್ಕೆ ಮಡಚಿಕೊಂಡು ಕೂತಿತ್ತು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಬೊರಿವಲಿಯ ಹಳೇ ಬಿಲ್ಡಿಂಗ್‌ಗಳಲ್ಲೂ ಇದೇ ಕಥೆ ಅಲ್ವಾ! ಇಡೀ ಶಾಲೆಗೆ ಅರ್ಥಿಂಗ್ ಹೊಸದಾಗಿ ಮಾಡಿದೆವು, ನಮ್ಮ ದಿನ ಜಾಸ್ತಿ ಹೋದದ್ದು ಅದಕ್ಕೇ. ಸಾಮಾನೆಲ್ಲ ಅಲ್ಲೇ ಕೊಂಡದ್ದು. ಹಾರ್ಡ್‌ವೇರ್ ಅಂಗಡಿಯವರು ಗುಜರಾತಿಗಳು. ಬೊರಿವಲಿಯಲ್ಲಿ ಗಿರಾಕಿಗಳಿಂದ ಕಲಿತ ನನ್ನ ಗುಜರಾತಿ ಚೌಕಾಸಿಗೆ ಚೆನ್ನಾಗಿ ಒದಗಿತು.

ಭಾನುವಾರ ಆರಾಧನೆ ಮುಗಿದ ಮೇಲೆ ಕಾಣಿಕೆಗೆ ಬಂದ ಮೊಟ್ಟೆ, ಬಾಳೆಕಾಯಿ, ಕೋಳಿಗಳ ಏಲಂ. ಥೇಟ್ ನಮ್ಮ ಬೆಳೆ ಹಬ್ಬವೇ. ಒಬ್ಬ ಅಜ್ಜಿ ಕೋಳಿ ಗೆದ್ದು, ದುಡ್ಡು ಕೊಟ್ಟು, ಕೋಳಿಯನ್ನು ಮತ್ತೆ ಏಲಂಗೇ ಇಟ್ಟುಬಿಟ್ಟರು.

ಬಿಡುವಿದ್ದಾಗ ಮೊಂಬಾಸಾ ಹತ್ತಿರದ ರಬಾಯಿ ಎಂಬ ಊರಿಗೆ ಕರೆದೊಯ್ದರು. ಅಲ್ಲಿ ಮಿಷನ್ ಶುರು ಮಾಡಿದ ಜರ್ಮನ್ ಮಿಷನರಿ ಕ್ರಾಪ್ಫ್ 1844ರಲ್ಲಿ ಮೊಂಬಾಸಾಕ್ಕೆ ಬಂದವರು. ಬಂದ ಕೆಲವೇ ತಿಂಗಳಲ್ಲಿ ಹೆಂಡತಿ, ಹಸುಗೂಸು ಇಬ್ಬರನ್ನೂ ಮಣ್ಣು ಮಾಡಿ ಅಲ್ಲೇ ನಿಂತರು. ಅವರು ಓದಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಶಾಲೆಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳೂ, ಆಮೇಲೆ ಬಂದ ನಮ್ಮ ಕಿಟ್ಟೆಲ್ಲರೂ ಅದೇ ಬಾಸೆಲ್ಲಿನವರು. ಕ್ರಾಪ್ಫ್‌ರ ಸ್ವಾಹಿಲಿ ನಿಘಂಟು 1882ರದ್ದು, ಕಿಟ್ಟೆಲ್ಲರ ಕನ್ನಡ ನಿಘಂಟು 1894ರದ್ದು. ಇವರ ಪಕ್ಕದಲ್ಲಿ ನಮ್ಮದನ್ನು ಮಿಷನ್ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ನನಗೆ ಹತ್ತಿರ ಅನಿಸಿದ್ದು ಬೇರೆಯವರು. ಗುಲಾಮರ ಹಡಗುಗಳಿಂದ ಬಿಡಿಸಿದ ಆಫ್ರಿಕಾದ ಮಕ್ಕಳನ್ನು ಬ್ರಿಟಿಷ್ ನೌಕಾಪಡೆ ಮುಂಬೈಗೆ ತಂದು ಇಳಿಸುತ್ತಿತ್ತು. ಅವರಲ್ಲಿ ಹಲವರು ನಾಸಿಕದ ಶರಣಪುರದ ಮಿಷನ್‌ನಲ್ಲಿ ಬಡಗಿ, ಕಮ್ಮಾರ ಕೆಲಸ ಕಲಿತು, ಮೊಂಬಾಸಾಕ್ಕೆ ಹೋಗಿ 1870ರ ದಶಕದಲ್ಲಿ ಬಿಡುಗಡೆಯಾದ ಗುಲಾಮರ ಊರಾದ ಫ್ರಿಯರ್‌ಟೌನ್ ಕಟ್ಟಲು ನೆರವಾದರು. ಊರಿನ ಹೆಸರು ಮುಂಬೈ ಗವರ್ನರ್ ಆಗಿದ್ದ ಫ್ರಿಯರ್‌ನದ್ದು. ಜನ ಇವರನ್ನು ಕರೆದದ್ದು ಬಾಂಬೆ ಆಫ್ರಿಕನ್ಸ್ ಎಂದು. ಕಸುಬು ಕಲಿತವರು ನಮ್ಮ ಕಡೆಯಿಂದ ಮೊಂಬಾಸಾಕ್ಕೆ ಹೋಗುವುದು ಅಷ್ಟು ಹಳೆಯ ಸಂಗತಿ.

ಆ ಎಲೆಕ್ಟ್ರಿಷಿಯನ್ ಈಗಲೂ ವಾಟ್ಸಾಪ್‌ನಲ್ಲಿ ಬೋರ್ಡಿನ ಫೋಟೋ ಕಳಿಸುತ್ತಾನೆ. ಮುಂದಿನ ಸಲಕ್ಕೆ ನಮ್ಮ ಗಾಯನ ತಂಡದವರೆಲ್ಲ ಹೆಸರು ಕೊಟ್ಟಿದ್ದಾರೆ. ಅಲ್ಲಿಯವರು ಕೇಳಿರುವುದು ಒಬ್ಬ ಪ್ಲಂಬರನ್ನು.